ಅಪರಾಧ ಚಿತ್ರಗಳಲ್ಲಿ ತಂತ್ರ



ಅಪರಾಧ ಚಿತ್ರಗಳಲ್ಲಿ ಬಳಕೆಯಾಗುವ ತಂತ್ರಗಳನ್ನು ಕುರಿತು ಮಾತನಾಡಬೇಕೆಂಬ ಆಹ್ವಾನ ಬಂದಾಗ ನನಗೆ ಕೊಂಚ ಸಂಕೋಚವಾದದ್ದು ನಿಜ. ನಾನು ಛಾಯಾಗ್ರಾಹಕನಲ್ಲ, ಸಂಕಲನಕಾರನೂ ಅಲ್ಲ. ಮೂರು ದಶಕಗಳ ಕಾಲ ಪಂಪ, ರನ್ನ, ಜನ್ನರನ್ನು ಪಾಠ ಹೇಳಿಕೊಂಡು ಬಂದು ನಿವೃತ್ತನಾದ ಕನ್ನಡ ಅಧ್ಯಾಪಕ. ಆದರೆ ಕೊಲೆ, ವಂಚನೆ, ಸೇಡು, ಗುಟ್ಟು ಇವು ನಮ್ಮ ಪ್ರಾಚೀನ ಕವಿಗಳಿಗೆ ಅಪರಿಚಿತ ವಸ್ತುಗಳೇನೂ ಆಗಿರಲಿಲ್ಲ. ಗುಟ್ಟನ್ನು ಯಾವಾಗ ಬಿಚ್ಚಬೇಕು, ಯಾರ ಕಣ್ಣಿನಿಂದ ಕಾಣಿಸಬೇಕು, ಯಾವುದನ್ನು ಕೇಳಿಸಿ ಯಾವುದನ್ನು ಮರೆಮಾಡಬೇಕು ಎಂಬ ಚಿಂತೆ ಅವರಿಗೂ ಇತ್ತು. ಆ ಬಾಗಿಲಿನಿಂದ ಒಳಹೊಕ್ಕರೆ ನನ್ನಂಥವನೂ ಚಲಚ್ಚಿತ್ರದ ತಂತ್ರವನ್ನು ಕುರಿತು ನಾಲ್ಕು ಮಾತು ಆಡಬಹುದೇನೋ.

ಇನ್ನೊಂದು ಕಾರಣವೂ ಉಂಟು. ಅದು ನಮ್ಮ ಜಿಲ್ಲೆಗೆ ಸಂಬಂಧಿಸಿದ್ದು. ರವಿ ಬೆಳಗೆರೆಯವರ 'ಭೀಮಾ ತೀರದ ಹಂತಕರು' ಪುಸ್ತಕ, ಅನಂತರ 2012ರಲ್ಲಿ ಓಂ ಪ್ರಕಾಶ್ ರಾವ್ ನಿರ್ದೇಶಿಸಿ ದುನಿಯಾ ವಿಜಯ್ ನಟಿಸಿದ 'ಭೀಮಾತೀರದಲ್ಲಿ' ಚಿತ್ರ, ಇವುಗಳ ಜೊತೆಗೆ ದಿನಪತ್ರಿಕೆಗಳ ಹಾಗೂ ದೂರದರ್ಶನ ವಾಹಿನಿಗಳ ತಲೆಬರಹಗಳು ಸೇರಿ 'ಭೀಮಾತೀರ' ಎಂಬ ಮಾತಿಗೆ ನದಿಯ ಅರ್ಥವನ್ನೇ ಕಳೆದುಬಿಟ್ಟಿವೆ. ಟಿಕೋಟದ ಹುಡುಗನೊಬ್ಬ, ನನ್ನ ಶಿಷ್ಯ, ಬೆಂಗಳೂರಿನಲ್ಲಿ ಬಾಡಿಗೆಗೆ ಕೋಣೆ ಹುಡುಕುತ್ತಿದ್ದಾಗ ಮನೆಯ ಯಜಮಾನರು ಊರು ಕೇಳಿದರಂತೆ. ವಿಜಯಪುರ ಎಂದ ಕೂಡಲೇ, "ಓಹೋ, ಭೀಮಾತೀರವೋ?" ಎಂದು ನಕ್ಕು ಒಳಗೆ ಹೋದವರು ಹೊರಗೆ ಬರಲಿಲ್ಲವಂತೆ. ಟಿಕೋಟ ಇರುವುದು ಅಥಣಿಯ ದಾರಿಯಲ್ಲಿ. ಅಲ್ಲಿಂದ ಭೀಮೆ ಐವತ್ತು ಕಿಲೊಮೀಟರಿಗೂ ಹೆಚ್ಚು ದೂರ. ಆ ಹುಡುಗ ದ್ರಾಕ್ಷಿ ತೋಟದ ಮನೆಯವನು. ಭೀಮಾ ನದಿಯನ್ನು ಅವನು ಕಂಡಿದ್ದರೆ ಸೊಲ್ಲಾಪುರಕ್ಕೆ ಹೋಗುವಾಗ ರೈಲಿನ ಕಿಟಕಿಯಿಂದ ಕಂಡಿರಬೇಕು. ಇನ್ನು ಭೀಮೆಯ ದಡದಲ್ಲಿಯೇ ಬಾಳುವ ಇಂಡಿ, ಚಡಚಣ, ಸಿಂದಗಿ, ಅಫಜಲಪುರದ ಲಕ್ಷಾಂತರ ಜನ ಜೋಳ, ಕಬ್ಬು, ನಿಂಬೆ ಬೆಳೆದುಕೊಂಡು ಬದುಕುತ್ತಾರೆಂಬ ಮಾತು ಯಾವ ತಲೆಬರಹದಲ್ಲಿಯೂ ಬರಲಾರದು.

ಆದ್ದರಿಂದ ತಂತ್ರದ ಪ್ರಶ್ನೆ ನನಗೆ ಬರಿಯ ಕೌಶಲದ ಪ್ರಶ್ನೆಯಾಗಿ ಕಾಣುವುದಿಲ್ಲ. ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ, ಯಾರ ಜೊತೆಗೆ ನಿಲ್ಲುತ್ತದೆ ಎಂಬುದರ ಮೇಲೆ ಯಾರ ಬದುಕು ನಮಗೆ ಬದುಕಾಗಿ ಕಾಣುತ್ತದೆ, ಯಾರ ಸಾವು ಕೇವಲ ಲೆಕ್ಕಕ್ಕೆ ಸೇರುತ್ತದೆ ಎಂಬುದು ನಿರ್ಧಾರವಾಗುತ್ತದೆ. ಇದು ಬಹಳ ಹಳೆಯ ಸಮಸ್ಯೆ. 1903ರಲ್ಲಿ ಅಮೆರಿಕದ ಎಡ್ವಿನ್ ಪೋರ್ಟರ್ 'ದಿ ಗ್ರೇಟ್ ಟ್ರೇನ್ ರಾಬರಿ' ಎಂಬ ಹನ್ನೆರಡು ನಿಮಿಷಗಳ ಮೂಕಚಿತ್ರ ತೆಗೆದ. ಅಪರಾಧ ಚಿತ್ರಗಳ ಮೊದಲ ಪೀಳಿಗೆಗೆ ಸೇರಿದ್ದು ಅದು. ಅದರಲ್ಲಿ ದರೋಡೆಕೋರನೊಬ್ಬ ಪ್ರೇಕ್ಷಕರ ಮುಖಕ್ಕೇ ಪಿಸ್ತೂಲು ಹಿಡಿದು ಗುಂಡು ಹಾರಿಸುವ ಒಂದು ಚಿತ್ರಿಕೆ ಇದೆ. ಅದನ್ನು ಚಿತ್ರದ ಆರಂಭದಲ್ಲಾದರೂ ತೋರಿಸಿ, ಅಂತ್ಯದಲ್ಲಾದರೂ ತೋರಿಸಿ ಎಂದು ಪ್ರದರ್ಶಕರಿಗೆ ಸೂಚಿಸಲಾಗಿತ್ತು. ಕತೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಆ ಒಂದು ಕ್ಷಣದಲ್ಲಿ ನೋಡುವವನು ಬಂದೂಕಿನ ಬಾಯಿಯ ಎದುರಿಗೆ ಕೂತಿದ್ದಾನೆ. ಅನಂತರದ ನೂರಿಪ್ಪತ್ತು ವರ್ಷಗಳಲ್ಲಿ ಬಂದ ಅಪರಾಧ ಚಿತ್ರಗಳಲ್ಲಿ ಬಹುಪಾಲು ಅವನನ್ನು ಬಂದೂಕಿನ ಹಿಂಬದಿಗೆ ಕರೆದೊಯ್ದು ಕೂರಿಸಿವೆ.

ಮೊದಲಿಗೆ ಎಲ್ಲರೂ ಹೇಳುವ ತಂತ್ರವನ್ನೇ ನೋಡೋಣ: ಕುತೂಹಲವನ್ನು ಹಿಡಿದಿಡುವುದು. ಹಿಚ್‌ಕಾಕ್ ಎಂಬ ನಿರ್ದೇಶಕ ಫ್ರಾನ್ಸಿನ ತ್ರುಫೊ ಜೊತೆಗಿನ ತನ್ನ ಪ್ರಸಿದ್ಧ ಸಂಭಾಷಣೆಯಲ್ಲಿ ಇದನ್ನು ಒಂದು ದೃಷ್ಟಾಂತದಿಂದ ವಿವರಿಸಿದ್ದಾನೆ. ಇಬ್ಬರು ಮೇಜಿನ ಮುಂದೆ ಕೂತು ಏನೋ ಲೋಕಾಭಿರಾಮವಾಗಿ ಹರಟುತ್ತಿದ್ದಾರೆ. ಇದ್ದಕ್ಕಿದ್ದಂತೆ ಮೇಜಿನಡಿಯ ಬಾಂಬು ಸಿಡಿಯುತ್ತದೆ. ಪ್ರೇಕ್ಷಕ ಹದಿನೈದು ಸೆಕೆಂಡು ಬೆಚ್ಚುತ್ತಾನೆ, ಅಷ್ಟೆ. ಬಾಂಬು ಅಲ್ಲಿದೆಯೆಂದು, ಇಷ್ಟು ಹೊತ್ತಿಗೆ ಸಿಡಿಯುವುದೆಂದು ಪ್ರೇಕ್ಷಕನಿಗೆ ಮೊದಲೇ ತಿಳಿಸಿಬಿಡಿ. ಅದೇ ಹರಟೆಯನ್ನು ಅವನು ಹದಿನೈದು ನಿಮಿಷ ಕುರ್ಚಿಯ ತುದಿಯಲ್ಲಿ ಕೂತು ಕೇಳುತ್ತಾನೆ.

ಇದನ್ನು ಓದಿದಾಗ ನನಗೆ ನೆನಪಾದದ್ದು 'ಸಂಗ್ಯಾ ಬಾಳ್ಯಾ'. ಬೈಲಹೊಂಗಲ ಸೀಮೆಯ ಈ ಸಣ್ಣಾಟವನ್ನು ನಮ್ಮ ಭಾಗದ ಹಳ್ಳಿಗಳಲ್ಲಿ ನೋಡದವರು ವಿರಳ. ಸಂಗ್ಯಾನ ಕೊಲೆಯಾಗುತ್ತದೆಂದು, ಅದಕ್ಕೆ ಜೀವದ ಗೆಳೆಯ ಬಾಳ್ಯಾನೇ ಕೈಗೂಡಿಸುತ್ತಾನೆಂದು ಆಟ ನೋಡಲು ಕಂಬಳಿ ಹೊದ್ದು ಕೂತ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿಲ್ಲದವನು ಸಂಗ್ಯಾ ಒಬ್ಬನೇ. ಗಂಗಿಯ ಮೇಲಿನ ಮೋಹದಲ್ಲಿ ಅವನು ಹಾಡುತ್ತಾನೆ, ಕುಣಿಯುತ್ತಾನೆ. ಬಾಳ್ಯಾ ಅವನ ಹೆಗಲ ಮೇಲೆ ಕೈಹಾಕಿ ನಗುತ್ತಾನೆ. ಆ ಕೈಯನ್ನು ನೋಡಿ ಮುಂದಿನ ಸಾಲಿನ ಮುದುಕಿಯರು "ಹೋಗಬ್ಯಾಡೋ ಮಗನಽ" ಎಂದು ಕೂಗಿದ್ದನ್ನು ನಾನು ಕೇಳಿದ್ದೇನೆ. ಮೇಜಿನಡಿಯ ಬಾಂಬು ಎಂದರೆ ಇದೇ. ಹಿಚ್‌ಕಾಕ್ ಹುಟ್ಟುವ ಮೊದಲೇ ನಮ್ಮವರಿಗೆ ಇದು ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳಲು ನಾನು ಈ ಮಾತು ಹೇಳುತ್ತಿಲ್ಲ. ತಿಳಿವಳಿಕೆಯನ್ನು ಹೀಗೆ ಹಂಚಿದಾಗ ಒಂದು ವಿಶೇಷ ಸಂಭವಿಸುತ್ತದೆ. ಸಾಯಲಿರುವವನ ಬಗ್ಗೆ ನಮಗೆ ಕಳವಳ ಹುಟ್ಟುತ್ತದೆ. ಅವನು ಪರಸ್ತ್ರೀಯ ಹಿಂದೆ ಬಿದ್ದ ತಪ್ಪುಗಾರನೆಂದು ಗೊತ್ತಿದ್ದೂ ಹುಟ್ಟುತ್ತದೆ.

ಕೊನೆಯವರೆಗೆ ಗುಟ್ಟು ಮುಚ್ಚಿಡುವ ಪತ್ತೇದಾರಿ ತಂತ್ರದಲ್ಲಿ ಈ ಕಳವಳಕ್ಕೆ ಎಡೆಯಿಲ್ಲ. ಅಲ್ಲಿ ಹೆಣ ಒಂದು ಒಗಟು ಮಾತ್ರ. ಕನ್ನಡದಲ್ಲಿ ಆ ಬಗೆಯ ಒಳ್ಳೆಯ ಚಿತ್ರಗಳು ಬಂದಿಲ್ಲವೆಂದಲ್ಲ. 1968ರ 'ಜೇಡರ ಬಲೆ'ಯಲ್ಲಿ ದೊರೈ-ಭಗವಾನ್ ಜೋಡಿ ರಾಜಕುಮಾರರನ್ನು ಸಿ.ಐ.ಡಿ. 999 ಆಗಿ ನಿಲ್ಲಿಸಿದ್ದು ಬೇರೆಯೇ ಒಂದು ವಿನೋದ, ಅದನ್ನು ಬಿಡೋಣ. 1978ರಲ್ಲಿ ಕಾಶೀನಾಥ್ 'ಅಪರಿಚಿತ'ವನ್ನೂ, 1989ರಲ್ಲಿ ಸುನೀಲ್ ಕುಮಾರ್ ದೇಸಾಯಿ 'ತರ್ಕ'ವನ್ನೂ ಕೊಟ್ಟರು. 'ತರ್ಕ'ದಲ್ಲಿ ಹಾಡುಗಳೇ ಇಲ್ಲ. ಹಾಡಿಲ್ಲದೆ ಕನ್ನಡ ಚಿತ್ರ ಓಡುವುದಿಲ್ಲ ಎಂಬ ನಂಬಿಕೆಯ ದಿನಗಳಲ್ಲಿ ಅದು ಸಣ್ಣ ಸಾಹಸವಲ್ಲ. ಕತೆಯ ಬಿಗಿ ಸಡಿಲವಾಗದಿರಲು ಹಾಡನ್ನು ಬಿಟ್ಟರು. ಅದು ಶುದ್ಧ ತಂತ್ರದ ತೀರ್ಮಾನ. ಅವನ್ನೆಲ್ಲ ನಾನು ಸಂತೋಷದಿಂದ ನೋಡಿದ್ದೇನೆ. ಆದರೆ ಮನೆಗೆ ಬಂದ ಮೇಲೆ ಸತ್ತವನ ಮುಖ ನೆನಪಿಗೆ ಬರಲಿಲ್ಲ.

ಇದಕ್ಕೆ ಎದುರಾಗಿ ಶಂಕರ್ ನಾಗ್ ಅವರ 'ಆಕ್ಸಿಡೆಂಟ್' ಚಿತ್ರವನ್ನು ಇಟ್ಟು ನೋಡಬೇಕು. 1985ರದ್ದು. ಮಾದಕದ್ರವ್ಯದ ಅಮಲಿನಲ್ಲಿ ಇಬ್ಬರು ಶ್ರೀಮಂತ ತರುಣರು ರಾತ್ರಿ ಕಾರು ಓಡಿಸಿ ಪಾದಚಾರಿ ಹಾದಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿಸುತ್ತಾರೆ. ಕಾರು ನಡೆಸಿದವನು ರಾಜಕಾರಣಿಯ ಮಗ. ಕೊಂದವನಾರು ಎಂಬುದು ಪ್ರೇಕ್ಷಕನಿಗೆ ಮೊದಲೇ ಗೊತ್ತು. ಗುಟ್ಟು ಎಂಬುದೇ ಇಲ್ಲ. ಇರುವುದು ಒಂದೇ ಪ್ರಶ್ನೆ: ಇಷ್ಟು ಬಹಿರಂಗವಾದ ಸತ್ಯ ಹೇಗೆ ಹೂತುಹೋಗುತ್ತದೆ? ತಂತ್ರದ ದೃಷ್ಟಿಯಿಂದ ಇದು ಪತ್ತೇದಾರಿ ಕತೆಯನ್ನು ಒಳಹೊರಗು ಮಾಡಿದ ಅಂಗಿ. ಸತ್ತವರ ಪೈಕಿ ಬದುಕುಳಿದ ಒಬ್ಬ ಬಡಪಾಯಿ, ರಮೇಶ ಭಟ್ಟರು ಮಾಡಿದ ಪಾತ್ರ, ಚಿತ್ರದುದ್ದಕ್ಕೂ ನಮ್ಮ ಬೆನ್ನು ಬಿಡುವುದಿಲ್ಲ. ರಾಷ್ಟ್ರಪ್ರಶಸ್ತಿಗಳಲ್ಲಿ ಸಾಮಾಜಿಕ ವಿಷಯದ ಚಿತ್ರವೆಂದು ಅದಕ್ಕೆ ಮನ್ನಣೆ ದೊರೆಯಿತು. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಈಚೆಗೆ ಬಂದಿದೆ. ಅದಕ್ಕೆ ಮುಂಚಿನ ಬರದ ವರ್ಷಗಳಲ್ಲಿ ನಮ್ಮ ಬಬಲೇಶ್ವರ, ಟಿಕೋಟ ಭಾಗದಿಂದ ಗೋವಾಕ್ಕೆ, ಮುಂಬಯಿಗೆ, ಬೆಂಗಳೂರಿಗೆ ಗುಳೆ ಹೋದವರು ಮಲಗಿದ್ದು ಎಲ್ಲಿ ಎಂದು ಬಲ್ಲವರಿಗೆ ಆ ಚಿತ್ರದ ಪಾದಚಾರಿ ಹಾದಿ ದೂರದ್ದೆನಿಸಲಾರದು.

ಇನ್ನು ಬೆಳಕು ನೆರಳಿನ ವಿಚಾರ. ಅಪರಾಧ ಚಿತ್ರವೆಂದರೆ ಕತ್ತಲೆ, ಮಳೆಯಲ್ಲಿ ನೆನೆದ ಬೀದಿ, ಗೋಡೆಯ ಮೇಲೆ ಉದ್ದನೆಯ ನೆರಳು ಎಂಬ ರೂಢಿ ಜರ್ಮನಿಯ ಮೂಕಚಿತ್ರಗಳಿಂದ ಹಾಲಿವುಡ್ಡಿಗೆ ಹೋಗಿ, ಅಲ್ಲಿಂದ ಮುಂಬಯಿ ಮದರಾಸುಗಳ ದಾರಿಯಾಗಿ ನಮಗೆ ಬಂತು. ಅದು ಎಷ್ಟು ಸವೆದಿದೆಯೆಂದರೆ, ಕತ್ತಲೆಯ ಓಣಿ ಕಂಡ ಕೂಡಲೇ ಇಲ್ಲೇನೋ ಆಗಲಿದೆಯೆಂದು ಮಕ್ಕಳೂ ಹೇಳುತ್ತಾರೆ. ಇದನ್ನರಿತೇ ಹಿಚ್‌ಕಾಕ್ 1959ರ 'ನಾರ್ತ್ ಬೈ ನಾರ್ತ್‌ವೆಸ್ಟ್' ಚಿತ್ರದಲ್ಲಿ ಅದನ್ನು ತಲೆಕೆಳಗು ಮಾಡಿದ. ನಡುಹಗಲು. ಕಣ್ಣು ಹಾಯುವವರೆಗೂ ಬಯಲು ಹೊಲ. ಮರವಿಲ್ಲ, ಮನೆಯಿಲ್ಲ. ಬಸ್ಸಿಳಿದ ನಾಯಕ ಒಬ್ಬನೇ ರಸ್ತೆಯ ಬದಿಯಲ್ಲಿ ನಿಂತಿದ್ದಾನೆ. ಒಂದು ವಾಹನ ಬಂದು ಹೋಗುತ್ತದೆ. ಇನ್ನೊಂದು ಬಂದು ಹೋಗುತ್ತದೆ. ದೂರದಲ್ಲಿ ಬೆಳೆಗೆ ಔಷಧ ಸಿಂಪಡಿಸುವ ಒಂದು ಪುಟ್ಟ ವಿಮಾನ. ಹಿನ್ನೆಲೆ ಸಂಗೀತವೇ ಇಲ್ಲ. ನಿಮಿಷಗಟ್ಟಲೆ ಬರಿಯ ಗಾಳಿ, ಇಂಜಿನ್ನಿನ ಸದ್ದು. ಸಂಗೀತ ಕೇಳಿಬರುವುದು ಎಲ್ಲ ಸ್ಫೋಟಗೊಂಡ ಮೇಲೆಯೇ. ಅಡಗಲು ಜಾಗವೇ ಇಲ್ಲದ ಬೆಳಕು ಕತ್ತಲೆಗಿಂತ ಭೀಕರವೆಂದು ಆ ದೃಶ್ಯ ತೋರಿಸಿತು.

ಬಬಲೇಶ್ವರದ ರಸ್ತೆಯಲ್ಲಿ, ಹಿಂಗಾರಿ ಜೋಳದ ಕೊಯ್ಲು ಮುಗಿದ ಮೇಲೆ, ಒಂದು ಮಧ್ಯಾಹ್ನ ಬಸ್ಸಿಗೆ ಕಾದು ನೋಡಿರಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುವ ಕರಿಮಣ್ಣಿನ ಸೀಮೆ ಅದು. ಕೊಯ್ಲಾದ ಮೇಲೆ ದಿಗಂತದವರೆಗೆ ಎರೆಯ ಬಿರುಕು, ನೆತ್ತಿಯ ಮೇಲೆ ಬಿಸಿಲು, ನಮ್ಮ ಕಾಲಡಿಗೇ ಸರಿದುಹೋದ ನಮ್ಮದೇ ನೆರಳು. ಮೂರು ಮೈಲಿ ಆಚೆ ಬರುವ ಮೋಟಾರು ಸೈಕಲ್ಲು ಕಾಣುತ್ತದೆ. ಬರುವವನು ಯಾರೆಂದು ತಿಳಿಯಲು ಐದು ನಿಮಿಷ ಬೇಕು. ನಮ್ಮ ನಾಡಿನ ಭಯವನ್ನು ತೋರಿಸಬೇಕಾದವನು ಈ ಐದು ನಿಮಿಷವನ್ನು ತೋರಿಸಬೇಕು. ಆದರೆ ನಮ್ಮ ಭಾಗದ ಹೆಸರು ಹೇಳಿಕೊಂಡು ಬರುವ ಚಿತ್ರಗಳಲ್ಲಿ ಈ ಬಯಲು ನನಗಿನ್ನೂ ಕಂಡಿಲ್ಲ. ಕಾಣುವುದು ಎಲ್ಲಿಯೂ ಇರಬಹುದಾದ ಬೆಟ್ಟಗಳು, ಸುಮೋ ಜೀಪುಗಳು, ಧೂಳು ಮತ್ತು ಗಂಟಲು ಹರಿಯುವ ಸಂಭಾಷಣೆ. ಅದೂ ನಮ್ಮ ಮಾತಲ್ಲ. ಬೆಂಗಳೂರಿನಲ್ಲಿ ಕಟ್ಟಿದ 'ಉತ್ತರ ಕರ್ನಾಟಕ'ದ ಮಾತು.

ಆಕಾಶವಾಣಿಯ ಮುಂದೆ ಕೂತು ಇಷ್ಟು ಹೊತ್ತು ಕಣ್ಣಿಗೆ ಕಾಣುವುದನ್ನೇ ವರ್ಣಿಸಿದೆ. ಕಿವಿಗೆ ಸೇರಿದ ತಂತ್ರಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಅದೇ ಹೆಚ್ಚು ಸೂಕ್ಷ್ಮವಾದದ್ದು. ವಿಜಯಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಕಿವಿಯಿಟ್ಟು ನಿಂತರೆ, ಸುಮಾರು ಮೂವತ್ತೆಂಟು ಮೀಟರು ಆಚೆ ನಿಂತವನ ಪಿಸುಮಾತು ಕಿವಿಯಲ್ಲೇ ಆಡಿದಂತೆ ಕೇಳುತ್ತದೆ. ಆಡಿದವನು ಮಾತ್ರ ಕಾಣುವುದಿಲ್ಲ. ಮಾತು ಇಲ್ಲಿದೆ, ಮನುಷ್ಯ ಎಲ್ಲೋ ಇದ್ದಾನೆ. ಶಾಲೆಯ ಮಕ್ಕಳು ಮೊದಲ ಸಲ ಇದನ್ನು ಕೇಳಿದಾಗ ನಗುವ ಮುನ್ನ ಒಂದು ಗಳಿಗೆ ಬೆಚ್ಚುವುದನ್ನು ಗಮನಿಸಿರಿ.

1931ರಲ್ಲಿ ಫ್ರಿಟ್ಸ್ ಲಾಂಗ್ ಜರ್ಮನಿಯಲ್ಲಿ 'ಎಂ' ಎಂಬ ಚಿತ್ರ ಮಾಡಿದ. ಚಿತ್ರಗಳಿಗೆ ಮಾತು ಬಂದು ನಾಲ್ಕೈದು ವರ್ಷವೂ ಆಗಿರಲಿಲ್ಲ. ಉಳಿದವರೆಲ್ಲ ಸಿಕ್ಕ ಮಾತನ್ನು ಸುರಿಯುತ್ತಿದ್ದ ಕಾಲದಲ್ಲಿ ಲಾಂಗ್ ಸದ್ದನ್ನು ಜಿಪುಣನಂತೆ ಬಳಸಿದ. ಮಕ್ಕಳನ್ನು ಕೊಲ್ಲುವ ಒಬ್ಬ ವಿಕೃತ ಮನುಷ್ಯ. ಮೊದಲು ಅವನ ನೆರಳು ಕಾಣುತ್ತದೆ, ಅನಂತರ ಅವನ ಶಿಳ್ಳೆ ಕೇಳುತ್ತದೆ. ನಾರ್ವೆಯ ಸಂಗೀತಕಾರ ಗ್ರೀಗ್‌ನ ಒಂದು ಧಾಟಿ ಅದು. ಆ ಪಾತ್ರ ಮಾಡಿದ ಪೀಟರ್ ಲೋರೆಗೆ ಶಿಳ್ಳೆ ಹಾಕಲು ಬರುತ್ತಿರಲಿಲ್ಲವಾಗಿ ನಿರ್ದೇಶಕನೇ ಹಾಕಿದನಂತೆ. ಕೊನೆಗೆ ಕೊಲೆಗಾರನನ್ನು ಗುರುತಿಸುವವನು ಬಲೂನು ಮಾರುವ ಒಬ್ಬ ಕುರುಡ, ಅದೇ ಶಿಳ್ಳೆಯಿಂದ.

ಈ ಚಿತ್ರದ ಮೊದಲ ಕೊಲೆಯನ್ನು ನಾನು ವಿಶೇಷವಾಗಿ ಹೇಳಬೇಕು. ಶಾಲೆ ಬಿಟ್ಟು ಬರಬೇಕಾದ ಮಗಳಿಗಾಗಿ ತಾಯಿ ಊಟಕ್ಕೆ ಬಡಿಸಿ ಕಾದಿದ್ದಾಳೆ. ಗಡಿಯಾರ ನೋಡುತ್ತಾಳೆ. ಮೆಟ್ಟಿಲ ಮೇಲೆ ಸಪ್ಪಳವಾದರೆ ಬಾಗಿಲಿಗೆ ಬರುತ್ತಾಳೆ. ಬಂದವರು ಬೇರೆ ಮಕ್ಕಳು. ಕಿಟಕಿಯಿಂದ ಮಗಳ ಹೆಸರು ಹಿಡಿದು ಕೂಗುತ್ತಾಳೆ. ಆ ಕೂಗು ಕೇಳುತ್ತಿರುವಂತೆಯೇ ನಮಗೆ ಕಾಣುವುದು ಬರಿದಾದ ಮೆಟ್ಟಿಲು, ಬಟ್ಟೆ ಒಣಗಿಸುವ ಬರಿದಾದ ಅಟ್ಟ, ಮೇಜಿನ ಮೇಲೆ ಮುಟ್ಟದ ತಟ್ಟೆ. ಆಮೇಲೆ ಪೊದೆಯೊಳಗಿನಿಂದ ಮಗುವಿನ ಚೆಂಡು ಉರುಳಿ ಬಂದು ನಿಲ್ಲುತ್ತದೆ. ಅವಳಿಗೆ ಕೊಡಿಸಿದ್ದ ಬಲೂನು ಟೆಲಿಫೋನು ತಂತಿಗೆ ಸಿಕ್ಕಿಕೊಂಡು ಒದ್ದಾಡಿ ಹಾರಿಹೋಗುತ್ತದೆ. ಕೊಲೆಯನ್ನು ತೋರಿಸಲೇ ಇಲ್ಲ. ತೋರಿಸಿದ್ದು ಅಡುಗೆಮನೆಯನ್ನು. ಕ್ಯಾಮೆರಾ ಕೊಲೆಗಾರನ ಹಿಂದೆ ಹೋಗಲಿಲ್ಲ. ಕಾಯುವವಳ ಮನೆಯಲ್ಲಿ ಕೂತಿತು.

ತೋರಿಸದೆ ತೋರಿಸುವ ಈ ಮರ್ಮಕ್ಕೆ ಇನ್ನೊಂದು ಉದಾಹರಣೆಯೆಂದು ಎಲ್ಲರೂ ಉದ್ಧರಿಸುವುದು 1960ರ 'ಸೈಕೋ' ಚಿತ್ರದ ಸ್ನಾನದ ಮನೆಯ ಕೊಲೆ. ಮುಕ್ಕಾಲು ನಿಮಿಷದ ದೃಶ್ಯಕ್ಕೆ ಒಂದು ವಾರ ಚಿತ್ರೀಕರಣ. ಕತ್ತಿ, ಕೈ, ಬಾಯಿ, ನೀರು, ಪರದೆ ಎಂದು ಚೂರುಚೂರಾದ ಹತ್ತಾರು ಚಿತ್ರಿಕೆಗಳು, ಬರ್ನಾರ್ಡ್ ಹರ್ಮನ್ ಬರೆದ ಪಿಟೀಲುಗಳ ಕಿರುಚಾಟ. ಕತ್ತಿ ಮೈಗೆ ಇಳಿಯುವುದನ್ನು ಕಂಡೆವೆಂದು ಪ್ರೇಕ್ಷಕರು ಆಣೆಯಿಟ್ಟು ಹೇಳುತ್ತಾರೆ; ಕಂಡದ್ದು ತಮ್ಮದೇ ಮನಸ್ಸಿನಲ್ಲಿ. ಹರಿದ ರಕ್ತ ಚಾಕೊಲೇಟು ಪಾಕ. ಸಂಕಲನ ಕಲೆಯ ಪರಾಕಾಷ್ಠೆ ಅದೆಂಬುದರಲ್ಲಿ ಸಂಶಯವಿಲ್ಲ. ಆದರೆ 'ಎಂ' ಚಿತ್ರದ ತಟ್ಟೆಯ ಮುಂದೆ ನನಗೆ ಅದು ಜಾಣತನವೆನಿಸುತ್ತದೆ. ಇದು ನನ್ನ ರುಚಿ, ಒಪ್ಪಬೇಕೆಂದಿಲ್ಲ.

ಕಾಲವನ್ನು ಹಿಂದುಮುಂದು ಮಾಡುವ ತಂತ್ರಕ್ಕೆ ಈಗ ಎಲ್ಲರೂ ಫ್ಲ್ಯಾಷ್‌ಬ್ಯಾಕ್ ಎನ್ನುತ್ತಾರೆ. ನಾವು ತರಗತಿಯಲ್ಲಿ ಅದನ್ನು ಸಿಂಹಾವಲೋಕನ ಎಂದು ಕರೆಯುತ್ತಿದ್ದೆವು. ವಿಜಯಪುರದಿಂದ ಬಬಲೇಶ್ವರ ದಾಟಿ, ಗಲಗಲಿಯಲ್ಲಿ ಕೃಷ್ಣೆ ದಾಟಿ ಮುಂದೆ ಹೋದರೆ ಮುಧೋಳ. ರನ್ನನ ಊರು. ಇಡೀ ಭಾರತದ ಕತೆಯನ್ನು ಅದರ ಕೊನೆಯ ಗಳಿಗೆಯಲ್ಲಿ ನಿಂತು ಹಿಂತಿರುಗಿ ನೋಡಿದ ಕವಿ ಅವನು. 'ಗದಾಯುದ್ಧ'ದಲ್ಲಿ ದುರ್ಯೋಧನ ಸಂಜಯನೊಂದಿಗೆ ರಣರಂಗದಲ್ಲಿ ನಡೆಯುತ್ತಾನೆ. ಹೆಜ್ಜೆಯಿಟ್ಟಲ್ಲಿ ಹೆಣ. ದ್ರೋಣ, ಕರ್ಣ, ದುಶ್ಶಾಸನ, ಮಗ ಲಕ್ಷಣಕುಮಾರ. ಒಬ್ಬೊಬ್ಬರ ಬಳಿಯೂ ನಿಲ್ಲುತ್ತಾನೆ, ಹೆಸರು ಹಿಡಿದು ಮಾತನಾಡಿಸುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಹಿಂದಿನದು ಮರುಕಳಿಸುವುದು ಕತೆಯ ಅನುಕೂಲಕ್ಕಾಗಿ ಅಲ್ಲ. ಸತ್ತವರ ಪಕ್ಕದಲ್ಲಿ ನಿಂತದ್ದಕ್ಕಾಗಿ.

ಈಚಿನ ಕನ್ನಡ ಚಿತ್ರಗಳಲ್ಲಿ ಹೇಮಂತ್ ರಾವ್ ನಿರ್ದೇಶನದ 'ಕವಲುದಾರಿ' (2019) ನನಗೆ ಈ ಕಾರಣದಿಂದಲೇ ಹಿಡಿಸಿತು. ಬೆಂಗಳೂರಿನ ಮೆಟ್ರೊ ಅಗೆತದಲ್ಲಿ ಮನುಷ್ಯರ ಎಲುಬು ಸಿಗುತ್ತದೆ. ಸಂಚಾರ ಪೊಲೀಸಿನ ಒಬ್ಬ ತರುಣ ಅಧಿಕಾರಿ, ತನಗೆ ಸಂಬಂಧಪಡದ ಕೆಲಸವೆಂದು ಮೇಲಿನವರು ಹೇಳಿದರೂ ಬಿಡದೆ, ಆ ಎಲುಬು ಯಾರದೆಂದು ಹುಡುಕಹೊರಡುತ್ತಾನೆ. ಕೊಂದವನಾರು ಎಂಬುದಕ್ಕಿಂತ ಮೊದಲು ಸತ್ತವರಾರು ಎಂಬ ಪ್ರಶ್ನೆ. 'ಆಕ್ಸಿಡೆಂಟ್'ನಲ್ಲಿ ಮಗನನ್ನು ಉಳಿಸಲು ಹೆಣಗುವ ರಾಜಕಾರಣಿಯಾಗಿದ್ದ ಅನಂತನಾಗ್ ಮೂವತ್ತು ನಾಲ್ಕು ವರ್ಷಗಳ ಮೇಲೆ ಇಲ್ಲಿ ಹಳೆಯ ಮೊಕದ್ದಮೆಯ ಭಾರ ಹೊತ್ತ ನಿವೃತ್ತ ಪೊಲೀಸ್ ಅಧಿಕಾರಿ. ಒಬ್ಬ ನಟನ ಮುಖದಲ್ಲಿ ಎರಡು ಚಿತ್ರಗಳು ಹೀಗೆ ಮಾತನಾಡಿಕೊಳ್ಳುವುದನ್ನು ನೋಡುವ ಸುಖ ಬೇರೆ.

ಒಂದೇ ಸಾವನ್ನು ಹಲವರು ಹಲವು ಬಗೆಯಾಗಿ ಹೇಳುವ ತಂತ್ರ ಕುರೊಸಾವಾನ 'ರಶೋಮನ್' (1950) ಚಿತ್ರದಿಂದ ಜಗತ್ತಿಗೆಲ್ಲ ಹಬ್ಬಿತು. ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014) ಅದನ್ನು ಮಲ್ಪೆಯ ಕಡಲ ದಡಕ್ಕೆ ತಂದಿತು. ಆ ಚಿತ್ರದಲ್ಲಿ ಅಲ್ಲಿನ ಉಪ್ಪುಗಾಳಿ, ಅಲ್ಲಿನ ಮಾತು, ಅಷ್ಟಮಿಯ ಹುಲಿವೇಷ ಇವೆ. ಕತೆಯನ್ನು ಬೇರೆ ಊರಿಗೆ ಕಿತ್ತೊಯ್ಯಲು ಬಾರದು. ನಮ್ಮ ಜಿಲ್ಲೆಗೆ ಅಂಥ ಚಿತ್ರ ಬರಬೇಕಾಗಿದೆ. ಸೂರಿಯವರ 'ಟಗರು' (2018) ಕಾಲವನ್ನು ಇನ್ನೂ ಸಣ್ಣ ಚೂರುಗಳಾಗಿ ಕತ್ತರಿಸಿತು. ನನ್ನ ವಯಸ್ಸಿನವರಿಗೆ ಒಂದೇ ಸಲಕ್ಕೆ ದಕ್ಕುವಂಥದ್ದಲ್ಲ.

ಕಡೆಯದಾಗಿ, ಹೆಚ್ಚು ಬಳಕೆಯಲ್ಲಿರುವ ತಂತ್ರ. ಕ್ಯಾಮೆರಾವನ್ನು ನೆಲಕ್ಕೆ ಇಳಿಸಿ, ಮಚ್ಚು ಹಿಡಿದವನನ್ನು ಕೆಳಗಿನಿಂದ ಮೇಲಕ್ಕೆ ನೋಡುವುದು. ಅವನ ನಡಿಗೆಯನ್ನು ನಿಧಾನಗೊಳಿಸುವುದು. ಅವನ ಬೆನ್ನಿಗೆ ನಗಾರಿ ಬಾರಿಸುವುದು. ಈ ಮೂರು ಸೇರಿದರೆ ಯಾವ ಮನುಷ್ಯನೂ ದೇವರ ಉತ್ಸವಮೂರ್ತಿಯಾಗುತ್ತಾನೆ. ನಿಧಾನಗತಿ ಮೂಲತಃ ಕೆಟ್ಟದ್ದಲ್ಲ. ಬೀಳುವವನಿಗಾಗಿ ಅದನ್ನು ಬಳಸಿದರೆ ಅದು ಶೋಕವಾಗಬಲ್ಲದು. ನಮ್ಮಲ್ಲಿ ಅದು ಬೀಳಿಸುವವನಿಗೆ ಮೀಸಲು. ಉಪೇಂದ್ರರ 'ಓಂ' (1995) ನಿಜವಾದ ರೌಡಿಗಳನ್ನೇ ತೆರೆಯ ಮೇಲೆ ತಂದು ಸಂಚಲನ ಮಾಡಿತು. ಅದರಲ್ಲಿ ಒಬ್ಬ ತರುಣ ಹಾಳಾದ ಬಗೆಯನ್ನು ಹೇಳುವ ಕಾಳಜಿಯಿದೆ, ಅದನ್ನು ಅಲ್ಲಗಳೆಯಲಾರೆ. ಅದರ ಹಿಂದೆ ಬಂದ ಅನುಕರಣೆಗಳು ಕಾಳಜಿಯನ್ನು ಬಿಟ್ಟು ಲಾಂಗನ್ನು ಮಾತ್ರ ಹಿಡಿದವು.

ಇಂಥ ಒಂದು ಚಿತ್ರ ವಿಜಯಪುರಕ್ಕೆ ಬಂದಾಗ ತರಗತಿಯ ಹುಡುಗರೆಲ್ಲ ನೋಡಿ ಬಂದು ಅದರ ಸಂಭಾಷಣೆಗಳನ್ನೇ ಆಡುತ್ತಿದ್ದರು. ಭೀಮೆಯ ಕಡೆಯ ಹಳ್ಳಿಯಿಂದ ಬಂದ, ತೀರ ಮಿತಭಾಷಿಯಾದ ಒಬ್ಬ ವಿದ್ಯಾರ್ಥಿನಿ ಪಾಠ ಮುಗಿದ ಮೇಲೆ ನನ್ನ ಬಳಿ ಬಂದು ಹೇಳಿದಳು: "ಸರ್, ಪಿಚ್ಚರ್‌ನ್ಯಾಗ ಹೀರೋನ ಕೈಯಾಗ ಹನ್ನೊಂದು ಮಂದಿ ಸಾಯ್ತಾರ್ರಿ. ನಾ ಎಣಿಸೀನಿ. ಯಾರಿಗೂ ಹೆಸರಽ ಇಲ್ರಿ. ನಮ್ಮ ಮಾವಗ ಹೆಸರಿತ್ತು." ಅಷ್ಟು ಹೇಳಿ ಅವಳು ಹೋದಳು. ಮರುದಿನ ನಾನು ಪಠ್ಯವನ್ನು ಬದಿಗಿಟ್ಟು ದುರ್ಯೋಧನ ಹೆಣಗಳ ನಡುವೆ ನಡೆಯುವ ಭಾಗವನ್ನು ಓದಿಸಿದೆ.

ಸತ್ತವನಿಗೆ ಹೆಸರು ಕೊಡುವುದಷ್ಟೇ ಅಲ್ಲ, ದನಿಯನ್ನೂ ಕೊಡಬಹುದು. ಬಿಲ್ಲಿ ವೈಲ್ಡರ್‌ನ 'ಸನ್‌ಸೆಟ್ ಬುಲೆವಾರ್ಡ್' (1950) ಚಿತ್ರದಲ್ಲಿ ಈಜುಕೊಳದಲ್ಲಿ ತೇಲುವ ಹೆಣವೇ ತನ್ನ ಕತೆಯನ್ನು ಹೇಳುತ್ತದೆ. ಮೊದಲು ಅವನು ಶವಾಗಾರದಲ್ಲಿ ಹೆಣಗಳು ಪರಸ್ಪರ ಮಾತನಾಡುವಂತೆ ಚಿತ್ರಿಸಿದ್ದನಂತೆ; ಪೂರ್ವಪ್ರದರ್ಶನದಲ್ಲಿ ಜನ ನಕ್ಕಿದ್ದರಿಂದ ಬದಲಾಯಿಸಿದ. ಜನ್ನನನ್ನು ಕೇಳಿ ಯಾರೂ ನಗಲಿಲ್ಲ. 1209ರ 'ಯಶೋಧರ ಚರಿತೆ' ಒಂದು ಕೊಲೆಯ ಕತೆ. ಅರಸಿ ಅಮೃತಮತಿ ರಾತ್ರಿಯಲ್ಲಿ ಆನೆಯ ಲಾಯದ ಕಡೆಯಿಂದ ತೇಲಿ ಬಂದ ಹಾಡನ್ನು ಕೇಳುತ್ತಾಳೆ. ಹಾಡಿದವನನ್ನು ಇನ್ನೂ ಕಂಡಿಲ್ಲ. ದನಿ ಮೊದಲು, ಮನುಷ್ಯ ಆಮೇಲೆ. ಗೋಳಗುಮ್ಮಟದ ಪಿಸುಮಾತು, ಲಾಂಗ್‌ನ ಶಿಳ್ಳೆ ಎಲ್ಲ ಅಲ್ಲಿವೆ. ಅರಸ ಯಶೋಧರ ಕತ್ತಲಲ್ಲಿ ಹೆಂಡತಿಯನ್ನು ಹಿಂಬಾಲಿಸುತ್ತಾನೆ, ಮರೆಯಲ್ಲಿ ನಿಂತು ನೋಡುತ್ತಾನೆ, ಕತ್ತಿ ಎತ್ತುತ್ತಾನೆ, ತಡೆಯುತ್ತಾನೆ. ನಾವು ಅವನ ಭುಜದ ಹಿಂದೆಯೇ ಇದ್ದೇವೆ. ಮುಂದೆ ಅಮೃತಮತಿ ಅವನಿಗೂ ಅವನ ತಾಯಿಗೂ ವಿಷವಿಕ್ಕಿ ಕೊಲ್ಲುತ್ತಾಳೆ.

ಇದನ್ನೆಲ್ಲ ನಮಗೆ ಹೇಳುತ್ತಿರುವವನು ಯಾರು? ಮಾರಿಯ ಗುಡಿಯಲ್ಲಿ ಬಲಿಗೆಂದು ಹಿಡಿದು ತಂದ ಬಾಲಕ ಅಭಯರುಚಿ. ಹಿಂದಿನ ಒಂದು ಜನ್ಮದಲ್ಲಿ ಅವನೇ ಯಶೋಧರ. ಕತ್ತಿ ಹಿಡಿದು ನಿಂತ ಅರಸ ಮಾರಿದತ್ತನ ಎದುರಿಗೆ, ಒಮ್ಮೆ ಕೊಲೆಯಾದವನು, ಇನ್ನೊಮ್ಮೆ ಕೊಲೆಯಾಗಲಿರುವವನು, ತನ್ನ ಕತೆಯನ್ನು ತಾನೇ ಹೇಳುತ್ತಾನೆ. ತನ್ನನ್ನು ಕೊಂದವಳ ಪಾಪವನ್ನು ಎಣಿಸುವ ಮೊದಲು, ತಾಯಿಯ ಮಾತಿಗೆ ಕಟ್ಟುಬಿದ್ದು ತಾನು ಕಡಿದ ಒಂದು ಹಿಟ್ಟಿನ ಕೋಳಿಯನ್ನು ಎಣಿಸುತ್ತಾನೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗಿತಂತೆ. ಈ ಒಂದು ಕೂಗಿಗೆ ಸಮನಾದ ಧ್ವನಿತಂತ್ರ ನನಗೆ ಯಾವ ಚಿತ್ರದಲ್ಲಿಯೂ ಸಿಕ್ಕಿಲ್ಲ.

ನಿವೃತ್ತಿಯ ಅನಂತರ ಆಗೊಮ್ಮೆ ಈಗೊಮ್ಮೆ ನಮ್ಮ ಭಾಗದ ಕಾಲೇಜುಗಳಿಗೆ ಕಥಾಕಮ್ಮಟಕ್ಕೆ ಕರೆಯುತ್ತಾರೆ. ಬಬಲೇಶ್ವರದ ಕಡೆ ಹೋದಾಗ ಒಮ್ಮೆ ಮಕ್ಕಳಿಗೆ ದಿನಪತ್ರಿಕೆಯ ಎರಡು ಕಾಲಮ್ಮಿನ ಒಂದು ಕೊಲೆಯ ವರದಿಯನ್ನು, ಹೆಸರು ಊರು ಅಳಿಸಿ, ಕೊಟ್ಟೆ. ಇದನ್ನು ಚಲಚ್ಚಿತ್ರದ ದೃಶ್ಯವಾಗಿ ಬರೆಯಿರಿ. ಒಂದೇ ನಿಬಂಧನೆ, ಕ್ಯಾಮೆರಾ ಸತ್ತವನ ಮನೆಯ ಹೊಸ್ತಿಲು ದಾಟಿ ಹೊರಗೆ ಹೋಗಬಾರದು ಎಂದೆ. ಹಲವರು ಕಷ್ಟಪಟ್ಟರು. ಹೊಸ್ತಿಲಾಚೆ ಹೋಗದೆ ಹೊಡೆದಾಟ ತೋರಿಸುವುದು ಹೇಗೆಂದು ಕೇಳಿದರು. ಒಬ್ಬ ಹುಡುಗ ಅರ್ಧ ಪುಟ ಬರೆದುಕೊಟ್ಟ. ಒಲೆಯ ಮುಂದೆ ಹೆಂಗಸು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಬಡಿಯುವ ಸಪ್ಪಳ ಕೇಳುತ್ತಲೇ ಇದೆ. ಹೊರಗೆ ಮೋಟಾರು ಸೈಕಲ್ಲು ಬಂದು ನಿಲ್ಲುತ್ತದೆ. ಅವಳು ತಲೆಯೆತ್ತುವುದಿಲ್ಲ, ಇನ್ನೊಂದು ಉಂಡೆ ತೆಗೆದುಕೊಳ್ಳುತ್ತಾಳೆ. ಸೈಕಲ್ಲಿನ ಸದ್ದು ಗಂಡನದಲ್ಲವೆಂದು ತಡವಾಗಿ ತಿಳಿಯುತ್ತದೆ. ಬಡಿಯುವ ಸಪ್ಪಳ ನಿಲ್ಲುತ್ತದೆ. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆಯನ್ನು ಚಿತ್ರದಲ್ಲಿ ಹೇಗೆ ತರಬೇಕೋ ಗೊತ್ತಾಗಲಿಲ್ಲ ಎಂದು ಕೆಳಗೆ ಕಂಸದಲ್ಲಿ ಬರೆದಿದ್ದ.

ಆ ಹಾಳೆಯನ್ನು ಅವನಿಗೆ ಹಿಂತಿರುಗಿಸುವ ಮುನ್ನ ಒಂದು ಪ್ರತಿ ಮಾಡಿ ಇಟ್ಟುಕೊಂಡಿದ್ದೇನೆ.